ಒಂದೇ ಸಾಲು, ಮತ್ತೆ ಮತ್ತೆ: ಕವ್ವಾಲಿ ಕೇಳುವ ಬಗೆ

ಸೂಫಿಗಳ ಭಕ್ತಿಸಂಗೀತವಾದ ಕವ್ವಾಲಿಯ ಬಗ್ಗೆ ನಾನು ತುಂಬಾ ಸಲ ಕೇಳಿರುವ ದೂರು ಒಂದಿದೆ. "ಹೇಳಿದ್ದನ್ನೇ ಎಷ್ಟು ಸಲ ಹೇಳ್ತಾರೆ?" ಶಾಸ್ತ್ರೀಯ ಸಂಗೀತ ಚೆನ್ನಾಗಿ ಬಲ್ಲವರೂ ಹೀಗೆ ಹೇಳುತ್ತಾರೆ. ಐದು ನಿಮಿಷ ಕೂತು, ಚಪ್ಪಾಳೆ, ಗದ್ದಲ, ಅದೇ ಸಾಲು ಅಂತ ಎದ್ದುಬಿಡುತ್ತಾರೆ. ಈ ದೂರಿನಿಂದಲೇ ಶುರು ಮಾಡೋಣ. ಯಾಕೆಂದರೆ ಕವ್ವಾಲಿಯ ಜೀವ ಇರುವುದೇ ಆ ಮತ್ತೆ ಮತ್ತೆ ಹೇಳುವುದರಲ್ಲಿ. ಅದನ್ನು ತೆಗೆದರೆ ಒಂದು ಒಳ್ಳೆಯ ಭಕ್ತಿಗೀತೆ ಉಳಿಯಬಹುದು, ಕವ್ವಾಲಿ ಉಳಿಯುವುದಿಲ್ಲ.

1235ರ ದೆಹಲಿಗೆ ಹೋಗೋಣ. ಮೆಹ್ರೌಲಿಯಲ್ಲಿ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ಎಂಬ ಸಂತರಿದ್ದರು. ಅಜ್ಮೀರದ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರ ಶಿಷ್ಯರು. ಒಂದು ಸಮಾದಲ್ಲಿ, ಅಂದರೆ ಸೂಫಿಗಳು ಕೂತು ಹಾಡು ಕೇಳುವ ಸಭೆಯಲ್ಲಿ, ಹಾಡುವವರು ಅಹ್ಮದ್-ಎ-ಜಾಮ್ ಎಂಬ ಪಾರ್ಸಿ ಕವಿಯ ಎರಡು ಸಾಲು ಎತ್ತಿಕೊಂಡರು. ಅದರ ಅರ್ಥ ಸುಮಾರಾಗಿ ಹೀಗೆ: ಶರಣಾಗತಿಯ ಕತ್ತಿಗೆ ಬಲಿಯಾದವರಿಗೆ, ಕ್ಷಣಕ್ಷಣಕ್ಕೂ ಕಾಣದ ಕಡೆಯಿಂದ ಹೊಸ ಜೀವ ಬರುತ್ತದೆ. ಕಾಕಿಯವರು ಆ ಸಾಲಿಗೆ ಮೈಮರೆತರು. ಸೂಫಿ ಪರಂಪರೆಯ ಕಥೆ ಹೇಳುವ ಹಾಗೆ, ಹಾಡುವವರು ದಿನಗಟ್ಟಲೆ ಆ ಎರಡೇ ಸಾಲನ್ನು ಹಾಡುತ್ತಲೇ ಇದ್ದರು. ಮೊದಲ ಸಾಲಿಗೆ ಕಾಕಿಯವರ ಉಸಿರು ನಿಂತಂತಾಗುತ್ತಿತ್ತು, ಎರಡನೆಯದಕ್ಕೆ ಮರಳಿ ಬರುತ್ತಿತ್ತು. ನಮಾಜಿನ ಹೊತ್ತಿಗೆ ಎಚ್ಚರಾಗಿ, ನಮಾಜು ಮುಗಿಸಿ, ಅದನ್ನೇ ಹಾಡಿ ಎನ್ನುತ್ತಿದ್ದರಂತೆ. ಕೊನೆಗೆ ಒಂದು ಸಲ ಮೊದಲ ಸಾಲಿನಲ್ಲೇ ಪ್ರಾಣ ಹೋಯಿತು.

ಕಥೆಯನ್ನು ಎಷ್ಟು ನಂಬುವುದು ಎನ್ನುವುದು ನಿಮಗೆ ಬಿಟ್ಟದ್ದು. ಕವ್ವಾಲಿಯ ಮೊದಲ ನಿಯಮ ಮಾತ್ರ ಇದರೊಳಗಿದೆ. ಎದುರಿಗೆ ಕೂತವರಲ್ಲಿ ಯಾರಿಗಾದರೂ ಒಂದು ಸಾಲು ನಾಟಿ, ಅವರು 'ಹಾಲ್' ಎನ್ನುವ ಮೈಮರೆವಿನ ಸ್ಥಿತಿಗೆ ಹೋದರೆ, ಹಾಡುವವರು ಆ ಸಾಲನ್ನು ಬಿಡುವ ಹಾಗಿಲ್ಲ. ಅವರು ಎದ್ದು ನಿಂತರೆ ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಅವರು ಮರಳಿ ತಮ್ಮ ಸ್ಥಿತಿಗೆ ಬರುವವರೆಗೆ ಅದೇ ಸಾಲು, ಅದೇ ತಾಳ.

ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲೂ ನೆರವಲ್ ಮಾಡುವಾಗ ಒಂದೇ ಸಾಲು ತಿರುತಿರುಗಿ ಬರುತ್ತದೆ, ಅಲ್ವಾ? ಅಲ್ಲಿ ಎಷ್ಟು ಹೊತ್ತು ಎನ್ನುವುದನ್ನು ಹಾಡುವವರು ತೀರ್ಮಾನಿಸುತ್ತಾರೆ. ಕವ್ವಾಲಿಯಲ್ಲಿ ಅದು ಕೇಳುವವರ ಕೈಯಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ. ದೊಡ್ಡ ಕವ್ವಾಲರೆಲ್ಲ ದೊಡ್ಡ ಗಾಯಕರು ನಿಜ. ಅದಕ್ಕಿಂತ ಮೊದಲು ಅವರು ಎದುರಿಗಿರುವ ಮುಖಗಳನ್ನು ಓದಬಲ್ಲವರು.

ಇದೆಲ್ಲ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ದೆಹಲಿಯ ನಿಜಾಮುದ್ದೀನ್ ದರ್ಗಾಕ್ಕೆ ಗುರುವಾರ ಸಂಜೆ ಹೋಗಬೇಕು. ಕಾಕಿಯವರ ಚಿಶ್ತಿ ಪರಂಪರೆಯಲ್ಲೇ ಬಂದ ಸಂತ ಹಜರತ್ ನಿಜಾಮುದ್ದೀನ್ ಔಲಿಯಾ ತೀರಿಕೊಂಡದ್ದು 1325ರಲ್ಲಿ. ಅದೇ ವರ್ಷ, ಸುಮಾರು ಆರು ತಿಂಗಳ ನಂತರ ಅವರ ಶಿಷ್ಯ, ಕವಿ ಅಮೀರ್ ಖುಸ್ರೋ ಕೂಡ ತೀರಿಕೊಂಡರು. ಗುರು ಹೋದಾಗ ಖುಸ್ರೋ ಸುಲ್ತಾನನ ಜೊತೆ ಬಂಗಾಳದ ಕಡೆ ಇದ್ದರು. ಇಬ್ಬರ ಸಮಾಧಿಯೂ ಒಂದೇ ಆವರಣದಲ್ಲಿದೆ. ಮೊದಲು ಶಿಷ್ಯನ ದರ್ಶನ ಮಾಡಿ, ಆಮೇಲೆ ಗುರುವಿನ ಹತ್ತಿರ ಹೋಗುವುದು ಅಲ್ಲಿನ ರೂಢಿ. ಅಂಗಳದಲ್ಲಿ ಕವ್ವಾಲರು ಗುರುವಿನ ಸಮಾಧಿಗೆ ಮುಖ ಮಾಡಿ ಕೂರುತ್ತಾರೆ. ಅವರ ಮೊದಲ ಕೇಳುಗ ಒಳಗಿರುವ ಸಂತ. ನಾವು ಆಮೇಲಿನವರು.

ವಿಧಿವತ್ತಾಗಿ ನಡೆಯುವ ಮೆಹಫಿಲ್‌ನಲ್ಲಿ, ಅಂದರೆ ಹಾಡಿನ ಸಭೆಯಲ್ಲಿ, ಒಬ್ಬ ಹಿರಿಯರು ಮುಖ್ಯಸ್ಥರಾಗಿ ಕೂತಿರುತ್ತಾರೆ. ಯಾರಿಗಾದರೂ ಒಂದು ಸಾಲು ಹಿಡಿಸಿದರೆ ಅವರು ಎದ್ದು ಹೋಗಿ ಹಣವನ್ನು ಆ ಹಿರಿಯರ ಮುಂದೆ ಹಿಡಿಯುತ್ತಾರೆ. ಹಿರಿಯರು ಮುಟ್ಟಿದ ಮೇಲೆ ಅದು ಕವ್ವಾಲರಿಗೆ ಹೋಗುತ್ತದೆ. ಇದಕ್ಕೆ ನಜರಾನಾ ಅನ್ನುತ್ತಾರೆ. ದುಡ್ಡು ಎಸೆಯುವ ಮದುವೆ ಮನೆಯ ದೃಶ್ಯ ಬೇರೆ, ಇದು ಬೇರೆ. ಆದರೆ ಕವ್ವಾಲರ ಕಣ್ಣಿಗೆ ಇದೊಂದು ಸುದ್ದಿಯೂ ಹೌದು. ಯಾವ ಸಾಲಿಗೆ ಯಾರು ಎದ್ದರು? ಹಾಗಾದರೆ ಆ ಸಾಲನ್ನು ಇನ್ನಷ್ಟು ಹಿಡಿಯಬೇಕು.

ಹಾಡುವ ಕ್ರಮವೂ ಇದೆ. ಮೊದಲು ದೇವರ ಸ್ತುತಿ, ಅದು ಹಮ್ದ್. ಆಮೇಲೆ ಪ್ರವಾದಿಯವರ ಸ್ತುತಿ, ಅದು ನಾತ್. ಆಮೇಲೆ ಸಂತರದ್ದು, ಮನ್ಕಬತ್. ಅದಾದ ಮೇಲೆ ಗಜಲು, 'ಕಾಫಿ' ಎನ್ನುವ ಸೂಫಿ ಪದಗಳು, ಪ್ರೇಮ, ವಿರಹ, ಮದಿರೆ ಎಲ್ಲ ಬರುತ್ತವೆ. ಕೊನೆಗೆ ಹೆಚ್ಚಾಗಿ ಖುಸ್ರೋ ಅವರ 'ರಂಗ್'. ಗುರು ಸಿಕ್ಕ ದಿನದ ಸಂಭ್ರಮವನ್ನು ಬಣ್ಣದ ಹಬ್ಬವಾಗಿ ಹಾಡುವ ಹಾಡು ಅದು. ಅದು ಶುರುವಾದರೆ ಹಲವು ಕಡೆ ಜನ ಎದ್ದು ನಿಲ್ಲುತ್ತಾರೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಸಂಗೀತ ಧರ್ಮಕ್ಕೆ ಒಪ್ಪುತ್ತದೋ ಇಲ್ಲವೋ ಎನ್ನುವ ಜಗಳ ಇವತ್ತಿನದಲ್ಲ. ಘಿಯಾಸುದ್ದೀನ್ ತುಘಲಕನ ಕಾಲದಲ್ಲಿ ನಿಜಾಮುದ್ದೀನರನ್ನೇ ದರ್ಬಾರಿಗೆ ಕರೆಸಿ ಸಮಾದ ಬಗ್ಗೆ ವಿಚಾರಣೆ ಮಾಡಿದ್ದರು. ಉಲೇಮಾಗಳು, ಅಂದರೆ ಧರ್ಮಪಂಡಿತರು, ವಾದ ಮಾಡಿದರು. ಸುಲ್ತಾನ ಸಮಾವನ್ನು ನಿಷೇಧಿಸಲಿಲ್ಲ. ಏಳುನೂರು ವರ್ಷಗಳಿಂದ ಈ ಸಂಗೀತ ತನ್ನ ಜಾಗಕ್ಕಾಗಿ ವಾದಿಸುತ್ತಲೇ ಬದುಕಿದೆ.

ಈಗ ಹಾಡಿನ ಒಳಗೆ ಹೋಗೋಣ. ಒಂದು ಕವ್ವಾಲಿ ತಂಡದಲ್ಲಿ ಎಂಟು, ಹತ್ತು ಜನ ಇರಬಹುದು. ಮುಂದಿನ ಸಾಲಿನಲ್ಲಿ ಮುಖ್ಯ ಗಾಯಕ, ಪಕ್ಕದಲ್ಲಿ ಇನ್ನೊಬ್ಬರೋ ಇಬ್ಬರೋ, ಹಾರ್ಮೋನಿಯಂಗಳು. ಹಿಂದೆ ತಬಲಾ ಅಥವಾ ಢೋಲಕ್, ಜೊತೆಗೆ ದನಿಗೂಡಿಸುವ ಹಮ್‌ನವಾಗಳು. ಅವರ ಚಪ್ಪಾಳೆಯೂ ಒಂದು ವಾದ್ಯ. ಹಾರ್ಮೋನಿಯಂ ಬರುವ ಮುಂಚೆ ಸಾರಂಗಿ ಇತ್ತು. ಮೊದಲು ಹಾರ್ಮೋನಿಯಂ, ತಬಲಾ ಸೇರಿ ಒಂದು ಸುತ್ತು ನುಡಿಸುತ್ತಾರೆ. ಆಮೇಲೆ ತಾಳವಿಲ್ಲದೆ ಆಲಾಪ, ಒಂದೆರಡು ದೋಹೆ, ಅಂದರೆ ಎರಡು ಸಾಲಿನ ಪದ್ಯ. ನಮ್ಮ ದಾಸರ ಪದದ ಮುಂಚೆ ಉಗಾಭೋಗ ಹಾಡುವುದಿಲ್ಲವೇ, ಆ ಜಾಗ ಅದು. ಅದಾದ ಮೇಲೆ ತಾಳ ಹಿಡಿಯುತ್ತದೆ, ಮುಖ್ಯ ಸಾಲು ಬರುತ್ತದೆ.

'ಛಾಪ್ ತಿಲಕ್ ಸಬ್ ಛೀನೀ' ತೆಗೆದುಕೊಳ್ಳಿ. ಖುಸ್ರೋ ಅವರದೆಂದು ಹಾಡಿಕೊಂಡು ಬಂದಿರುವ ಬ್ರಜ್ ಭಾಷೆಯ ಪದ. ಹಣೆಯ ತಿಲಕ, ನನ್ನ ಗುರುತು, ಎಲ್ಲವನ್ನೂ ಕಸಿದುಕೊಂಡೆ, ಒಂದು ನೋಟದಲ್ಲಿ. ಹೇಳುತ್ತಿರುವುದು ಒಬ್ಬ ಹೆಣ್ಣು. ಬರೆದದ್ದು ಗಂಡಸು, ಹಾಡುವವರು ಮೀಸೆ ಹೊತ್ತ ಹತ್ತು ಗಂಡಸರು. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 'ಶರಣ ಸತಿ, ಲಿಂಗ ಪತಿ' ಅಂತ ಹೇಳಿಕೊಂಡು ಬೆಳೆದವರು ನಾವು.

ಈ ಸಾಲು ನಾಲ್ಕೈದು ಸಲ ಬಂದ ಮೇಲೆ ಗಾಯಕ ಸುಮ್ಮನೆ ಅದನ್ನು ಬಿಟ್ಟು ಬೇರೆ ಕಡೆ ಹೋಗುತ್ತಾನೆ. ಒಂದು ದೋಹೆ ತರುತ್ತಾನೆ: ಖುಸ್ರೋ, ಪ್ರೇಮದ ಹೊಳೆಯ ಹರಿವೇ ತಿರುವುಮುರುವು, ಇಳಿದವನು ಮುಳುಗಿದ, ಮುಳುಗಿದವನು ದಡ ಸೇರಿದ. ಅದರ ಕೊನೆಯ ಶಬ್ದ ಮುಗಿಯುವ ಹೊತ್ತಿಗೆ ಇಡೀ ತಂಡ ಮತ್ತೆ 'ಛಾಪ್ ತಿಲಕ್' ಮೇಲೆ ಬೀಳುತ್ತದೆ. ಹೀಗೆ ಬೇರೆ ಪದ್ಯವನ್ನು ತಂದು ಮೂಲ ಸಾಲಿಗೆ ಕಟ್ಟುವುದನ್ನು ಗಿರಹ್ ಎನ್ನುತ್ತಾರೆ. ಆ ಪದ್ಯ ಪಾರ್ಸಿಯದಾಗಬಹುದು, ಪಂಜಾಬಿಯದಾಗಬಹುದು, ಇನ್ಯಾರೋ ಕವಿಯದಾಗಬಹುದು. ಹರಿಕಥೆ ಮಾಡುವ ದಾಸರು ಕಥೆಯ ನಡುವೆ ಎಲ್ಲಿಂದಲೋ ಒಂದು ಪದ ತಂದು ಸರಿಯಾದ ಜಾಗಕ್ಕೆ ಕೂರಿಸುತ್ತಾರಲ್ಲ, ಅದೇ ಬಗೆಯ ಜಾಣ್ಮೆ ಇದಕ್ಕೂ ಬೇಕು.

ಈಗ ನೋಡಿ, ಮೂಲ ಸಾಲು ಮರಳಿ ಬಂದಾಗ ಅದು ಹಳೆಯ ಸಾಲಾಗಿ ಉಳಿದಿರುವುದಿಲ್ಲ. ಮೊದಲ ಸಲ ಅದು ಒಂದು ಹುಡುಗಿಯ ತಕರಾರು. ಹೊಳೆಯಲ್ಲಿ ಮುಳುಗಿ ಬಂದ ಮೇಲೆ ಅದು ಸಂತೋಷ. ಇನ್ನೊಂದು ಗಿರಹ್ ಆದ ಮೇಲೆ ಅದು ಪ್ರಾರ್ಥನೆ. ಶಬ್ದ ಅದೇ, ಒಳಗಿನ ಅರ್ಥ ಪ್ರತಿ ಸಲವೂ ಜಾಸ್ತಿಯಾಗುತ್ತಾ ಹೋಗುತ್ತದೆ. "ಹೇಳಿದ್ದನ್ನೇ ಹೇಳ್ತಾರೆ" ಎನ್ನುವವರು ಗಿರಹ್ ಬಂದಾಗ ಕಿವಿ ತೆರೆದು ಕೂತರೆ ಸಾಕು, ಆ ದೂರು ತಾನಾಗಿಯೇ ಹೋಗುತ್ತದೆ.

ಇನ್ನು ಗಾಯಕರ ವಿಷಯ. ಮೂವರ ಬಗ್ಗೆ ಹೇಳುತ್ತೇನೆ. ಮೂವರೂ ಪಾಕಿಸ್ತಾನದಲ್ಲಿ ಹೆಸರು ಮಾಡಿದವರು, ಮೂವರ ಬೇರೂ ಇತ್ತ ಕಡೆಯದು.

ಸಾಬ್ರಿ ಸಹೋದರರು, ಗುಲಾಮ್ ಫರೀದ್ ಸಾಬ್ರಿ ಮತ್ತು ಮಕ್ಬೂಲ್ ಸಾಬ್ರಿ. ಇವತ್ತಿನ ಹರಿಯಾಣದಲ್ಲಿರುವ ಕಲ್ಯಾಣಾ ಎಂಬ ಊರಿನವರು, ದೇಶ ಒಡೆದಾಗ ಕರಾಚಿಗೆ ಹೋದರು. ಅಣ್ಣನ ದನಿ ಆಳ, ಒರಟು. ತಮ್ಮನದ್ದು ಎತ್ತರದ, ಇಂಪಾದ ದನಿ. ತಮ್ಮ ಒಂದು ಸಾಲನ್ನು ನಯವಾಗಿ ಬಿಡಿಸುತ್ತಿರುವಾಗ ಅಣ್ಣ ನಡುವೆ "ಅಲ್ಲಾಹ್" ಅಂತ ಒಂದೇ ಶಬ್ದ ಹಾಕುತ್ತಾರೆ. ಅಷ್ಟಕ್ಕೇ ಸಭೆ ಅಲುಗಾಡುತ್ತದೆ. ಅವರ 'ತಾಜ್‌ದಾರ್-ಎ-ಹರಮ್' ಕೇಳಿ. ಉರ್ದು, ಪೂರ್ವಿ, ಪಾರ್ಸಿ ಎಲ್ಲ ಒಂದೇ ಹಾಡಿನಲ್ಲಿ ಬಂದು ಹೋಗುತ್ತವೆ. 1975ರಲ್ಲಿ ಇವರು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಪಶ್ಚಿಮದವರಿಗೆ ಕವ್ವಾಲಿಯ ಬಾಗಿಲು ತೆರೆದದ್ದು ನುಸ್ರತ್ ಫತೇ ಅಲಿ ಖಾನ್ ಅಂತ ಎಲ್ಲರೂ ಹೇಳುತ್ತಾರೆ. ಅವರಿಗಿಂತ ಹತ್ತು ವರ್ಷ ಮೊದಲೇ ಸಾಬ್ರಿಗಳು ಆ ಬಾಗಿಲಲ್ಲಿ ನಿಂತಿದ್ದರು. ಇದನ್ನು ಮರೆಯಬಾರದು ಅಂತ ನನ್ನ ಆಸೆ. ಗುಲಾಮ್ ಫರೀದರ ಮಗ ಅಮ್ಜದ್ ಸಾಬ್ರಿಯವರನ್ನು 2016ರ ಜೂನ್‌ನಲ್ಲಿ, ರಂಜಾನ್ ತಿಂಗಳಲ್ಲಿ, ಕರಾಚಿಯ ರಸ್ತೆಯಲ್ಲೇ ಗುಂಡಿಟ್ಟು ಕೊಂದರು. ಆ ಸುದ್ದಿ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಹಾಡಿದ್ದಕ್ಕೆ ಒಬ್ಬ ಮನುಷ್ಯನ ಜೀವ ತೆಗೆಯುವುದೆಂದರೆ ಏನು!

ಎರಡನೆಯವರು ಅಜೀಜ್ ಮಿಯಾಂ. 1942ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ಓದಿದವರು, ಹೆಚ್ಚಿನ ಸಾಹಿತ್ಯವನ್ನು ತಾವೇ ಬರೆದುಕೊಂಡವರು. ರಾಗದ ಸೊಗಸು ಹುಡುಕಿಕೊಂಡು ಇವರ ಹತ್ತಿರ ಹೋಗಬೇಡಿ. ಇವರದು ಮಾತು. ಓಡುವ ಮಾತು, ವಾದ ಮಾಡುವ ಮಾತು. 'ಹಶ್ರ್ ಕೆ ರೋಜ್' ಎಂಬ ಅವರ ಕವ್ವಾಲಿ ಸುಮಾರು 115 ನಿಮಿಷ ಇದೆ. ಕೊನೆಯ ತೀರ್ಪಿನ ದಿನ ದೇವರ ಮುಂದೆ ನಿಂತು ನಾನು ನಿನ್ನನ್ನೇ ಕೇಳುತ್ತೇನೆ ಎನ್ನುವ ಹಾಡು. ದೇವರನ್ನು ಹೀಗೆ ಕೇಳಬಹುದೇ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ದಾಸರ ನಿಂದಾಸ್ತುತಿ ಕೇಳಿ ತಲೆದೂಗುವ ನಮಗೆ ಅದರಲ್ಲಿ ಆಶ್ಚರ್ಯವಿಲ್ಲ. ಹತ್ತಿರದವರ ಜೊತೆ ಮಾತ್ರ ಹಾಗೆ ಜಗಳ ಆಡಲು ಸಾಧ್ಯ. ಮದಿರೆಯ ಮಾತೂ ಇವರಲ್ಲಿ ತುಂಬಾ ಬರುತ್ತದೆ. ಕುಡಿಸುವವನು ಗುರು, ಕುಡಿಯುವುದು ದೇವರ ಪ್ರೇಮ ಅಂತ ತಿಳಿದುಕೊಂಡು ಕೇಳಿದರೆ ದಾರಿ ತಪ್ಪುವುದಿಲ್ಲ. 2000ದಲ್ಲಿ ಟೆಹ್ರಾನ್‌ನಲ್ಲಿ ತೀರಿಕೊಂಡರು.

ಇನ್ನು ನುಸ್ರತ್ ಫತೇ ಅಲಿ ಖಾನ್. ಹುಟ್ಟಿದ್ದು 1948ರಲ್ಲಿ, ಈಗ ಫೈಸಲಾಬಾದ್ ಎನ್ನುವ ಊರಿನಲ್ಲಿ. ಮನೆಯವರು ಜಲಂಧರ್‌ನವರು, ಅಲ್ಲಿಗೆ ಹೋಗಿ ಒಂದು ವರ್ಷ ಆಗಿತ್ತಷ್ಟೆ. ತಂದೆ ಫತೇ ಅಲಿ ಖಾನ್ ದೊಡ್ಡ ಕವ್ವಾಲ. ಮಗ ಡಾಕ್ಟರ್ ಆಗಲಿ, ಕವ್ವಾಲರ ಕಷ್ಟ ಅವನಿಗೆ ಬೇಡ ಅಂತ ಅವರ ಆಸೆ. 1964ರಲ್ಲಿ ತಂದೆ ಹೋದರು. ನಲವತ್ತನೆಯ ದಿನದ ಕಾರ್ಯದಲ್ಲಿ ಹುಡುಗ ಮೊದಲ ಸಲ ಜನರ ಮುಂದೆ ಹಾಡಿದ. 1971ರಲ್ಲಿ ತಂದೆಯ ಸಹೋದರ ಮುಬಾರಕ್ ಅಲಿ ಖಾನ್ ತೀರಿಕೊಂಡ ಮೇಲೆ ತಂಡ ನುಸ್ರತ್ ಕೈಗೆ ಬಂತು.

ಅವರ ದನಿಯ ಎತ್ತರ, ವೇಗ ಎಲ್ಲರಿಗೂ ಗೊತ್ತು. ನಾನು ನಿಮ್ಮ ಗಮನ ಸೆಳೆಯುವುದು ಅವರ ಸರ್ಗಮ್ ಕಡೆಗೆ. ಸಾಲು ನಡೆಯುತ್ತಿರುವಾಗ ಅವರು ಇದ್ದಕ್ಕಿದ್ದಂತೆ ಶಬ್ದ ಬಿಟ್ಟು ಸ್ವರಗಳಿಗೆ ಹಾರುತ್ತಾರೆ. ಕೈ ಗಾಳಿಯಲ್ಲಿ ಆ ಸ್ವರಗಳನ್ನು ಬರೆಯುತ್ತಾ ಇರುತ್ತದೆ. ಇದನ್ನು ಪಾಂಡಿತ್ಯದ ಪ್ರದರ್ಶನ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾತು ಸಾಲದು ಎನ್ನುವ ಕಡೆಯಲ್ಲೇ ಅವರು ಸ್ವರಕ್ಕೆ ಹೋಗುತ್ತಾರೆ, ಮತ್ತು ಪ್ರತಿ ಸಲವೂ ಆ ಸಾಲಿಗೇ ಮರಳುತ್ತಾರೆ. ಕೇಳುವಾಗ ನಿಮ್ಮ ಗಮನ ಆ ಮರಳುವ ಜಾಗದಲ್ಲಿರಲಿ. ಹಿಂದೆ ತಬಲಾದಲ್ಲಿ ದಿಲ್ದಾರ್ ಹುಸೇನ್ ಅದನ್ನು ಮೊದಲೇ ಊಹಿಸಿ ಕಾಯುತ್ತಿರುತ್ತಾರೆ.

1985ರಲ್ಲಿ ಇಂಗ್ಲೆಂಡಿನ ವೊಮ್ಯಾಡ್ ಸಂಗೀತ ಉತ್ಸವದಲ್ಲಿ ಅವರು ಹಾಡಿದರು. ಭಾಷೆ ಬಾರದ ಜನ ಕೇಳಿದರು. ಅಲ್ಲಿಂದ ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಕಂಪನಿಯ ಧ್ವನಿಮುದ್ರಿಕೆಗಳು, ಪಶ್ಚಿಮದ ವಾದ್ಯಗಳ ಜೊತೆ ಪ್ರಯೋಗಗಳು. ಆ ಪ್ರಯೋಗಗಳನ್ನು ನಾನು ಬೇಡ ಅನ್ನುವುದಿಲ್ಲ, ಎಷ್ಟೋ ಜನ ಅದರ ಮೂಲಕವೇ ಒಳಗೆ ಬಂದಿದ್ದಾರೆ. ಆದರೆ ಅಲ್ಲೇ ನಿಂತುಬಿಟ್ಟರೆ ನಷ್ಟ ನಮಗೆ. ಐದು ನಿಮಿಷದ ಹಾಡಿನಲ್ಲಿ ಗಿರಹ್‌ಗೆ ಜಾಗವೆಲ್ಲಿ? ಸ್ಟುಡಿಯೋದಲ್ಲಿ ಎದ್ದು ನಿಂತು ಮೈಮರೆಯುವವರು ಯಾರು? 1997ರ ಆಗಸ್ಟ್ 16ರಂದು ಲಂಡನ್‌ನಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ. 1990ರಲ್ಲಿ ಮುದ್ರಿಸಿಟ್ಟು ಮರೆತಿದ್ದ ಟೇಪುಗಳು ಸಿಕ್ಕಿ 2024ರಲ್ಲಿ ಹೊರಬಂದವು. ಅದರಲ್ಲಿ ಅವರ ತಂಡ ಪೂರ್ತಿ ಸಾಂಪ್ರದಾಯಿಕವಾಗಿ ಹಾಡಿದೆ. ಆಗ ನನಗಾದ ಖುಷಿಯನ್ನು ಮಾತಿನಲ್ಲಿ ಹೇಳಲಾರೆ.

ನಮ್ಮ ದೇಶದವರ ಹೆಸರೂ ಹೇಳಬೇಕು. ಹೈದರಾಬಾದ್‌ನ ಅಜೀಜ್ ಅಹ್ಮದ್ ಖಾನ್ ವಾರ್ಸಿ, ಈಗ ಅವರ ಮೊಮ್ಮಕ್ಕಳಾದ ವಾರ್ಸಿ ಸಹೋದರರು. ಶಂಕರ್-ಶಂಭು ಎಂಬ ಅಣ್ಣತಮ್ಮಂದಿರು ಹಿಂದೂಗಳು, ಅಜ್ಮೀರದ ದರ್ಗಾದಲ್ಲಿ ಹಾಡಿ ಹೆಸರಾದವರು. ಭೋಪಾಲದ ಶಕೀಲಾ ಬಾನೋ ಗಂಡಸರದ್ದೇ ಆಗಿದ್ದ ಈ ವೇದಿಕೆಗೆ ಬಂದು ಕೂತ ಹೆಂಗಸು. ಸಿನಿಮಾ ಕವ್ವಾಲಿ ನನಗೂ ಇಷ್ಟ. ಆದರೆ ಅದರ ಎದುರಿಗೆ ಕೇಳುಗ ಇಲ್ಲ, ಕ್ಯಾಮೆರಾ ಇದೆ. ಹಾಗಾಗಿ ಅದನ್ನು ಇವತ್ತು ಪಕ್ಕಕ್ಕಿಡುತ್ತೇನೆ.

ಇದೆಲ್ಲ ದೆಹಲಿ, ಲಾಹೋರ್‌ನ ಮಾತಾಯಿತು, ನಮಗೇನು ಅಂತ ಯಾರಿಗಾದರೂ ಅನ್ನಿಸುತ್ತಿದ್ದರೆ, ಕಲಬುರಗಿಗೆ ಬನ್ನಿ. ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅದೇ ಚಿಶ್ತಿ ಪರಂಪರೆಯವರು, ನಿಜಾಮುದ್ದೀನರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರು. 1398ರಲ್ಲಿ ತೈಮೂರ ದೆಹಲಿಯ ಮೇಲೆ ಬಿದ್ದ ಕಾಲದಲ್ಲಿ ದಕ್ಷಿಣಕ್ಕೆ ಹೊರಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹನ ಕಲಬುರಗಿಗೆ ಬಂದರು. 1422ರವರೆಗೆ ಬದುಕಿದರು. ಸಮಾ ಅವರಿಗೆ ತುಂಬಾ ಪ್ರಿಯವಾಗಿತ್ತು. ಪಾರ್ಸಿ ಬಲ್ಲವರೂ ಹಿಂದವಿಯ ಹಾಡು ಯಾಕೆ ಇಷ್ಟಪಡುತ್ತಾರೆ ಎಂಬ ಪ್ರಶ್ನೆ ಅವರ ಮುಂದೆ ಬಂದಾಗ, ಆ ಹಾಡಿನಲ್ಲಿರುವ ಮೃದುತನವನ್ನು ಅವರು ಎತ್ತಿ ಹೇಳಿದ್ದರು. ನೆಲದ ಭಾಷೆ ಎದೆಗೆ ಬೇಗ ತಾಗುತ್ತದೆ ಎಂದು ತಿಳಿದಿದ್ದ ಗುರು ಅವರು.

ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ವಿಜಯಪುರ. ಅಲ್ಲಿನ ಸೂಫಿಗಳು ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಹಾಡುಗಳನ್ನು ಕಟ್ಟಿದರು. ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಹಾಡುಗಳು. ಕಲ್ಲಿನ ಗೂಟ, ತಿರುಗುವ ಕಲ್ಲು, ಎಲ್ಲವೂ ದೇವರ ಮಾತಾಗುತ್ತದೆ. ನಮ್ಮ ಬೀಸುವ ಪದಗಳ ಮಗ್ಗುಲಲ್ಲೇ ಅವು ಹುಟ್ಟಿದವು. ಇದು ಕವ್ವಾಲಿ ಅಲ್ಲ, ವಿಷಯ ಬಿಟ್ಟು ಹೋದೆ ಅಂತ ಗೊತ್ತು. ಆದರೂ ಈ ಸಂಗತಿ ನಮ್ಮ ಮಕ್ಕಳಿಗೆ ತಿಳಿದಿರಬೇಕು ಎಂದು ನನಗೆ ತುಂಬಾ ಅನ್ನಿಸುತ್ತದೆ.

ಕವ್ವಾಲರು ತುಂಬಾ ಹಾಡುವ ಪಂಜಾಬಿ ಕವಿ ಬುಲ್ಲೇ ಶಾ. ಅವರು ಪ್ರವಾದಿಯವರ ವಂಶ ಎನ್ನುವ ಸಯ್ಯದ್ ಮನೆತನದವರು. ಗುರು ಶಾ ಇನಾಯತ್ ತೋಟ ಮಾಡುವ ಅರಾಯಿನ್ ಜಾತಿಯವರು. ಮನೆಯವರು ಬೈದರೂ ಬುಲ್ಲೇ ಶಾ ಗುರುವನ್ನು ಬಿಡಲಿಲ್ಲ. ಶಿಶುನಾಳದ ಶರೀಫರಿಗೂ ಗೋವಿಂದಭಟ್ಟರಿಗೂ ಇದ್ದ ನಂಟು ನಿಮಗೆ ಗೊತ್ತೇ ಇದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಾತ್ರಿ ತತ್ವಪದದ ಭಜನೆಗೆ ಕೂತವರಿಗೆ, ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಹಿಡಿದು ಹಾಡುವುದೂ ಹೊಸದಲ್ಲ. ಕವ್ವಾಲಿ ಕೇಳಲು ಬೇಕಾದ ಕಿವಿ ನಮ್ಮಲ್ಲಿ ಈಗಾಗಲೇ ಇದೆ.

"ಮೊದಲು ಯಾವುದು ಕೇಳಲಿ?" ಅಂತ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟು. ಸಾಬ್ರಿಗಳ 'ತಾಜ್‌ದಾರ್-ಎ-ಹರಮ್' ಪೂರ್ತಿ ಕೇಳಿ, ತುಣುಕು ಬೇಡ. ಆಮೇಲೆ ನುಸ್ರತ್ ಅವರದು ಯಾವುದಾದರೂ ಒಂದು, ಇಪ್ಪತ್ತು ನಿಮಿಷಕ್ಕಿಂತ ಉದ್ದದ್ದು, ಜನರ ಎದುರು ಹಾಡಿದ್ದು. ಎಲ್ಲ ಶಬ್ದ ತಿಳಿಯಬೇಕಾಗಿಲ್ಲ. ಮುಖ್ಯ ಸಾಲಿನ ಅರ್ಥವೊಂದನ್ನು ಮೊದಲೇ ತಿಳಿದುಕೊಳ್ಳಿ. ವಿಡಿಯೋ ಇದ್ದರೆ ಗಾಯಕನನ್ನಷ್ಟೇ ನೋಡಬೇಡಿ, ಅವನು ಯಾರನ್ನು ನೋಡುತ್ತಿದ್ದಾನೆ ಅಂತ ನೋಡಿ. ಸಾಧ್ಯವಾದರೆ ಒಂದು ಸಲ ದರ್ಗಾದಲ್ಲಿ ಕೂತು ಕೇಳಿ. ಕಲಬುರಗಿಯ ಉರುಸು ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳ ಮಧ್ಯದಲ್ಲಿ ಬರುತ್ತದೆ. ಚಂದ್ರನ ಲೆಕ್ಕವಾದ್ದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬೀಳುತ್ತದೆ, ತಾರೀಕು ಕೇಳಿಕೊಂಡೇ ಹೊರಡಿ.